ನಾಣ್ಯದಿಂದ ಬಡಿದು ನೋಡಿದ ಬಾತ್‌ರೂಮ್: ಟೈಲ್ಸ್ ಕೂರಿಸಿದ ದಿನಚರಿ

ಬಾತ್‌ರೂಮ್ ಗೋಡೆಯ ಒಂದು ಟೈಲ್ ಮೇಲೆ ನಾಣ್ಯದಿಂದ ಮೆಲ್ಲಗೆ ಬಡಿದೆ. ‘ಟಕ್’ ಅನ್ನಬೇಕಿತ್ತು. ‘ಡಬ್’ ಅಂದಿತು. ಪಕ್ಕದ್ದೂ ಡಬ್. ಶವರ್ ಕೆಳಗಿನ ಗೋಡೆಯಲ್ಲಿ ಹತ್ತರಲ್ಲಿ ಆರು ಟೈಲ್ಸ್ ಟೊಳ್ಳಾಗಿದ್ದವು. ಅದರ ಹಿಂದಿನ ವಾರವಷ್ಟೇ ಒಂದು ತಾನಾಗಿ ಕಳಚಿ ಬಿದ್ದು ಚೂರಾಗಿತ್ತು. ಅದೊಂದನ್ನು ಮತ್ತೆ ಅಂಟಿಸಿದರೆ ಸಾಕು ಅಂದುಕೊಂಡಿದ್ದೆ. ನಾಣ್ಯದ ಸದ್ದು ಕೇಳಿದ ಮೇಲೆ ಆ ಯೋಚನೆ ಬಿಟ್ಟೆ. ಪೂರ್ತಿ ಕಿತ್ತು, ಅಡಿಯಿಂದ ಮಾಡಬೇಕು ಅಂತ ತೀರ್ಮಾನಿಸಿದೆ. ನಾನೇ ಮಾಡಬೇಕು ಅಂತಲೂ.

ಕೋಣೆ ಚಿಕ್ಕದು. 5 ಅಡಿ ಅಗಲ, 8 ಅಡಿ ಉದ್ದ. ಒಂದು ತುದಿಯಲ್ಲಿ ಬಾಗಿಲು. ಇನ್ನೊಂದು ತುದಿಯ 3 ಅಡಿ ಜಾಗ ಸ್ನಾನಕ್ಕೆ. ನೀರು ಹೋಗುವ ಜಾಲಿ ಆ ತುದಿಯ ಮೂಲೆಯಲ್ಲಿ, ಬಾಗಿಲಿಗೆ ಕರ್ಣರೇಖೆಯಲ್ಲಿ ಎದುರಾಗಿ. ಈ ಮೂಲೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಡೆದ ದಿನಗಳು

ಮೊದಲು ನೀರಿನ ಮುಖ್ಯ ವಾಲ್ವ್ ಬಂದ್ ಮಾಡಿದೆ. ಬಾತ್‌ರೂಮಿನ ವಿದ್ಯುತ್ ಲೈನ್ ಫ್ಯೂಸ್ ಬೋರ್ಡಿನಲ್ಲೇ ಆಫ್ ಮಾಡಿದೆ. ಜಾಲಿ ತೆಗೆದು, ಪೈಪಿನ ಬಾಯಿಗೆ ಬಟ್ಟೆ ತುರುಕಿ ಮೇಲೆ ಟೇಪ್ ಹಾಕಿದೆ. ಈ ಕೊನೆಯದನ್ನು ಮರೆತರೆ ಗಾರೆಯ ಚೂರುಗಳೆಲ್ಲ ಪೈಪಿನೊಳಗೆ ಹೋಗಿ ಕೂರುತ್ತವೆ. ಆಮೇಲೆ ತೆಗೆಯಲು ಆಗುವುದಿಲ್ಲ.

ಅರ್ಧಕ್ಕರ್ಧ ಟೈಲ್ಸ್‌ಗೆ ಸುತ್ತಿಗೆಯೇ ಬೇಕಾಗಲಿಲ್ಲ. ಉಳಿಯನ್ನು ಸಂದಿಯಲ್ಲಿಟ್ಟು ಸ್ವಲ್ಪ ಮೀಟಿದರೆ ಇಡೀ ಟೈಲ್ ಕೈಗೆ ಬರುತ್ತಿತ್ತು. ಹಿಂಬದಿ ನೋಡಿದಾಗ ಕಾರಣ ಗೊತ್ತಾಯಿತು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಮುದ್ದೆ ಸಿಮೆಂಟ್. ಅಷ್ಟೇ. ಉಳಿದ ಜಾಗವೆಲ್ಲ ಖಾಲಿ. ಆ ಖಾಲಿಯಲ್ಲಿ ವರ್ಷಗಟ್ಟಲೆ ನೀರು ಓಡಾಡಿತ್ತು. ಗೋಡೆಯ ಗಿಲಾವು ಕಪ್ಪಾಗಿ, ಬೆರಳಲ್ಲಿ ಕೆರೆದರೆ ಉದುರುವ ಹಾಗಿತ್ತು.

ಇನ್ನೊಂದು ಕಾರಣವೂ ಇತ್ತು. ಕಿತ್ತವು ವಿಟ್ರಿಫೈಡ್ ಟೈಲ್ಸ್, ಅಂದರೆ ತುಂಬಾ ಬಿಸಿಯಲ್ಲಿ ಸುಟ್ಟು ಗಾಜಿನಷ್ಟು ಗಟ್ಟಿ ಮಾಡಿದವು. ಇಂಥ ಟೈಲ್ ನೀರನ್ನು ಹೀರುವುದೇ ಇಲ್ಲ ಅನ್ನಬಹುದು. ತನ್ನ ತೂಕದ ಶೇ. 0.5ಕ್ಕಿಂತ ಕಡಿಮೆ ಹೀರುತ್ತದೆ. ಹಳೆಯ ಕಾಲದ, ಹಿಂಬದಿ ಮಣ್ಣುಮಣ್ಣಾಗಿರುವ ಟೈಲ್ ಸಿಮೆಂಟ್ ಹಾಲನ್ನು ಕುಡಿದು ಹಿಡಿದುಕೊಳ್ಳುತ್ತಿತ್ತು. ಇದು ಕುಡಿಯುವುದಿಲ್ಲ. ಹಾಗಾಗಿ ಬರೀ ಸಿಮೆಂಟ್ ಇದರ ಬೆನ್ನಿಗೆ ಸುಮ್ನೆ ತಾಗಿಕೊಂಡಿರುತ್ತದೆ, ಹಿಡಿದುಕೊಂಡಿರುವುದಿಲ್ಲ. ನಾನು ಕಿತ್ತ ಟೈಲ್ಸ್ ಬೆನ್ನು ತೊಳೆದಿಟ್ಟಷ್ಟು ನುಣುಪಾಗಿತ್ತು. ಒಂದು ಚೂರು ಸಿಮೆಂಟೂ ಅಂಟಿರಲಿಲ್ಲ.

ಒಡೆಯುವಾಗ ಕನ್ನಡಕ, ದಪ್ಪ ಕೈಗವಸು, ಧೂಳು ತಡೆಯುವ ಸರಿಯಾದ ಮಾಸ್ಕ್ ಬೇಕೇ ಬೇಕು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು. ಟೈಲ್ಸ್‌ನಲ್ಲೂ ಮರಳಿನಲ್ಲೂ ಸಿಲಿಕಾ ಇರುತ್ತದೆ. ಆ ಸಣ್ಣ ಧೂಳು ಶ್ವಾಸಕೋಶದೊಳಗೆ ಹೋದರೆ ಅಲ್ಲೇ ಉಳಿಯುತ್ತದೆ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಸಹಾಯಕ್ಕೆ ಬಂದ ತಮ್ಮನನ್ನು ಮಾಸ್ಕ್ ಹಾಕುವ ತನಕ ಒಳಗೆ ಬಿಡಲಿಲ್ಲ.

ಉದುರುವ ಗಿಲಾವನ್ನೆಲ್ಲ ಕೆತ್ತಿ, ಇಟ್ಟಿಗೆ ಕಾಣುವ ತನಕ ತೆಗೆದು, ಹೊಸದಾಗಿ ಗಿಲಾವು ಮಾಡಿದೆ. ನೆಲವನ್ನು ಕಾಂಕ್ರೀಟ್ ಕಾಣುವವರೆಗೆ ಕೆತ್ತಿದೆ. ಇದಕ್ಕೆ ಎರಡು ವಾರಾಂತ್ಯ ಬೇಕಾಯಿತು.

ವಾಟ

ಈ ಕೆಲಸದಲ್ಲಿ ನಾನು ಅತಿ ಜಾಸ್ತಿ ಯೋಚಿಸಿದ್ದು ವಾಟದ ಬಗ್ಗೆ. ನೆಲದ ಇಳಿಜಾರು ತಪ್ಪಿದರೆ ಎಷ್ಟೇ ಚೆಂದದ ಟೈಲ್ಸ್ ಹಾಕಿದರೂ ನೀರು ನಿಲ್ಲುತ್ತದೆ. ನಿಂತ ನೀರು ಪಾಚಿ ಕಟ್ಟುತ್ತದೆ.

ಇಲ್ಲಿ ಒಂದು ಮಾತು ಮೊದಲೇ ಹೇಳಬೇಕು. ವಾಟವನ್ನು ಟೈಲ್ಸ್ ಕೂರಿಸುವಾಗ ಅಂಟಿನಲ್ಲಿ ಕೊಡುವುದಲ್ಲ. ಅದರ ಕೆಳಗಿನ ಗಾರೆಯಲ್ಲೇ ಕೊಡಬೇಕು. ಸಂದುಗಳ ಮೂಲಕ ಸ್ವಲ್ಪ ನೀರು ಯಾವತ್ತೂ ಕೆಳಗೆ ಇಳಿಯುತ್ತದೆ. ಟೈಲ್ಸ್ ಮತ್ತು ಅವುಗಳ ಸಂದಿಗೆ ತುಂಬುವ ಗ್ರೌಟ್ ನೀರನ್ನು ಪೂರ್ತಿ ತಡೆಯುತ್ತವೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಿಜವಾಗಿ ನೀರು ತಡೆಯುವುದು ಕೆಳಗಿರುವ ವಾಟರ್‌ಪ್ರೂಫ್ ಪದರ. ಆ ಪದರ ಮಟ್ಟಸವಾಗಿದ್ದರೆ ಇಳಿದ ನೀರು ಅಲ್ಲೇ ಕೊಳೆಯುತ್ತದೆ. ಪದರವೇ ವಾಟದಲ್ಲಿದ್ದರೆ ಆ ನೀರೂ ಜಾಲಿಯ ಕಡೆ ಹರಿಯುತ್ತದೆ. ಹಾಗಾಗಿ ಮೊದಲು ಗಾರೆ, ಅದರ ಮೇಲೆ ವಾಟರ್‌ಪ್ರೂಫಿಂಗ್, ಕೊನೆಗೆ ಟೈಲ್ಸ್.

ಎಷ್ಟು ವಾಟ? ಸ್ನಾನದ ಜಾಗಕ್ಕೆ ಅಡಿಗೆ ಕಾಲು ಇಂಚು, ಅಂದರೆ ಮೀಟರಿಗೆ 20 ಮಿ.ಮೀ. ಕೊಟ್ಟೆ. ಉಳಿದ 5 ಅಡಿಗೆ ಅದರ ಅರ್ಧ, ಮೀಟರಿಗೆ 10 ಮಿ.ಮೀ. ಇಡೀ ನೆಲಕ್ಕೆ ಅಡ್ಡಕ್ಕೂ ಮೀಟರಿಗೆ 10 ಮಿ.ಮೀ. ಲೆಕ್ಕ ಹಾಕಿದರೆ ಸ್ನಾನದ ಜಾಗದಲ್ಲಿ 18, ಈಚೆ 15, ಅಡ್ಡಕ್ಕೆ 15. ಬಾಗಿಲ ಬಳಿಯ ಮೂಲೆಯಿಂದ ಜಾಲಿಯ ಮೂಲೆಗೆ ಒಟ್ಟು 48 ಮಿ.ಮೀ. ಇಳಿತ.

ಜಾಲಿ ಮೂಲೆಯಲ್ಲಿರುವುದರ ಲಾಭ ಇಲ್ಲಿದೆ. ಜಾಲಿ ಸ್ನಾನದ ಜಾಗದ ನಟ್ಟನಡುವೆ ಇದ್ದಿದ್ದರೆ ನಾಲ್ಕೂ ಕಡೆಯಿಂದ ನೆಲ ಅದರತ್ತ ಇಳಿಯಬೇಕು. ಆಗ ಲಕೋಟೆಯ ಮಡಿಕೆಯ ಹಾಗೆ ಕರ್ಣಗಳಲ್ಲಿ ಟೈಲ್ಸ್ ಕತ್ತರಿಸಬೇಕಾಗುತ್ತದೆ. ಮೂಲೆಯಲ್ಲಿದ್ದರೆ ಇಡೀ ನೆಲ ಓರೆಯಾಗಿಟ್ಟ ಹಲಗೆಯಂತೆ. ಎರಡೂ ದಿಕ್ಕಿಗೆ ವಾಲಿದ್ದರೂ ಅದು ಒಂದೇ ಸಪಾಟು. ನನ್ನ ನೆಲದಲ್ಲಿ ವಾಟ ಬದಲಾಗುವ ಮುರಿತ ಒಂದೇ ಒಂದು, ಸ್ನಾನದ ಜಾಗ ಶುರುವಾಗುವ ಗೆರೆಯಲ್ಲಿ. ಆ ಗೆರೆ ಸರಿಯಾಗಿ ಟೈಲ್ಸ್ ಸಂದಿಯ ಮೇಲೆ ಬರುವಂತೆ ಮೊದಲೇ ಗುರುತು ಹಾಕಿಕೊಂಡೆ.

ಅಳೆಯುವುದಕ್ಕೆ ಒಂದು ಸುಲಭ ಉಪಾಯ ಮಾಡಿಕೊಂಡೆ. ನನ್ನ ಹತ್ತಿರ ಒಂದು ಮೀಟರ್ ಉದ್ದದ ರಸಮಟ್ಟ (ಗಾಳಿಗುಳ್ಳೆ ನೋಡಿ ಮಟ್ಟ ತಿಳಿಯುವ ಪಟ್ಟಿ) ಇತ್ತು. ಅದರ ಒಂದು ತುದಿಯ ಕೆಳಗೆ 20 ಮಿ.ಮೀ. ದಪ್ಪದ ಮರದ ತುಂಡನ್ನು ಟೇಪಿನಿಂದ ಕಟ್ಟಿದೆ. ಆ ತುದಿಯನ್ನು ಇಳಿಜಾರಿನ ಕೆಳಗಡೆ ಇಟ್ಟಾಗ ಗುಳ್ಳೆ ನಡುವೆ ನಿಂತರೆ ವಾಟ ಸರಿ. ಈಚೆಗಿನ ಜಾಗಕ್ಕೆ 10 ಮಿ.ಮೀ. ತುಂಡು. ಪ್ರತಿ ಸಲ ಲೆಕ್ಕ ಹಾಕುವ ತಲೆನೋವೇ ಇಲ್ಲ.

ಗಾರೆಗೆ ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು. ನೀರು ಕಡಿಮೆ. ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಸೋರಬಾರದು. ಕಾಂಕ್ರೀಟನ್ನು ಒದ್ದೆ ಮಾಡಿ, ಸಿಮೆಂಟ್ ಹಾಲು ಬಳಿದು, ಅದು ಒಣಗುವ ಮುಂಚೆ ಗಾರೆ ಹರಡಿದೆ. ಗೋಡೆಯ ಮೇಲೆ ಎಳೆದಿದ್ದ ಗೆರೆಗಳ ಮಟ್ಟಕ್ಕೆ ಪಟ್ಟಿಗಳನ್ನು ಮಾಡಿಕೊಂಡು, ಎರಡು ಪಟ್ಟಿಗಳ ನಡುವೆ ಮಟ್ಟಗೋಲು ಎಳೆದೆ. ಮಂಡಿ ನೋವು ಬಂತು ನಿಜ. ಆದರೆ ಗಾರೆ ಮೇಲೆ ಮಟ್ಟಗೋಲು ಆಡುವಾಗ ನೆಲ ತನ್ನ ಆಕಾರಕ್ಕೆ ಬರುವುದನ್ನು ನೋಡುವುದಿದೆಯಲ್ಲ, ಅದು ತುಂಬಾ ಸಂತೋಷ ಕೊಟ್ಟಿತು.

ಒಂದು ವಾರ ಒದ್ದೆ ಗೋಣಿ ಹೊದಿಸಿಟ್ಟೆ. ಆಮೇಲೆ ಮೂರು ವಾರ ಸುಮ್ನೆ ಒಣಗಲು ಬಿಟ್ಟೆ. ಹೊಸ ಸಿಮೆಂಟ್ ಒಣಗುವಾಗ ಕುಗ್ಗುತ್ತದೆ. 28 ದಿನ ಕಾದರೆ ಆ ಕುಗ್ಗುವಿಕೆಯ ದೊಡ್ಡ ಪಾಲು ಮುಗಿದಿರುತ್ತದೆ. ಅವಸರಕ್ಕೆ ಬಿದ್ದು ಅದರ ಮೇಲೆ ಟೈಲ್ಸ್ ಹಾಕಿದರೆ ಕೆಳಗಿನದು ಕುಗ್ಗುತ್ತದೆ, ಮೇಲಿನದು ಕುಗ್ಗುವುದಿಲ್ಲ. ಎಳೆದಾಟದಲ್ಲಿ ಅಂಟು ಬಿಡುತ್ತದೆ.

ನೀರು ನಿಲ್ಲಿಸಿ ನೋಡಿದ್ದು

ವಾಟರ್‌ಪ್ರೂಫಿಂಗ್‌ಗೆ ಬ್ರಶ್‌ನಲ್ಲಿ ಬಳಿಯುವ ದ್ರವ ತಂದೆ. ಗೋಡೆ-ನೆಲ ಸೇರುವ ಕಡೆ, ಎರಡು ಗೋಡೆ ಸೇರುವ ಮೂಲೆಯಲ್ಲಿ, ಪೈಪುಗಳ ಸುತ್ತ ಬಟ್ಟೆಯ ಪಟ್ಟಿಯನ್ನು ದ್ರವದೊಳಗೆ ಹೂತು ಹಾಕಿದೆ. ಬಿರುಕು ಶುರುವಾಗುವುದು ಅಲ್ಲೇ. ನೆಲಕ್ಕೆ ಪೂರ್ತಿ, ಗೋಡೆಗೆ 1 ಅಡಿ ಎತ್ತರ, ಸ್ನಾನದ ಜಾಗದ ಗೋಡೆಗಳಿಗೆ 6 ಅಡಿ. ಮೊದಲ ಸಲ ಉದ್ದಕ್ಕೆ ಬಳಿದರೆ ಎರಡನೇ ಸಲ ಅಡ್ಡಕ್ಕೆ. ಎರಡರ ನಡುವೆ ಡಬ್ಬದ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟೆ.

ಎರಡು ದಿನ ಬಿಟ್ಟು ಪರೀಕ್ಷೆ. ಪೈಪಿನ ಬಾಯಿಗೆ ಗಾಳಿ ತುಂಬುವ ರಬ್ಬರ್ ಬಿರಡೆ ಹಾಕಿದೆ. ಬಾಗಿಲಿಗೆ ಅಡ್ಡಲಾಗಿ ತಾತ್ಕಾಲಿಕ ಕಟ್ಟೆ ಕಟ್ಟಿದೆ. ಎತ್ತರದ ಮೂಲೆಯೂ ಮುಳುಗುವಷ್ಟು ನೀರು ತುಂಬಿ, ಗೋಡೆಯ ಮೇಲೆ ಪೆನ್ಸಿಲ್‌ನಿಂದ ಗೆರೆ ಹಾಕಿದೆ. ಪಕ್ಕದಲ್ಲೇ ಒಂದು ಬಕೆಟ್‌ನಲ್ಲಿ ನೀರಿಟ್ಟು ಅದಕ್ಕೂ ಗೆರೆ ಹಾಕಿದೆ. ನೀರು ಆವಿಯಾಗಿ ಇಳಿದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಬೇಕು, ಅಲ್ವಾ?

24 ಗಂಟೆ ಕಳೆದು ನೋಡಿದೆ. ಬಕೆಟ್‌ನಲ್ಲಿ 1 ಮಿ.ಮೀ. ಇಳಿದಿತ್ತು. ನೆಲದಲ್ಲಿ 9 ಮಿ.ಮೀ.

ಮನಸ್ಸು ಕುಸಿಯಿತು. ಆದರೂ ಈಗಲೇ ಗೊತ್ತಾಯಿತಲ್ಲ ಅನ್ನುವ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು. ನೀರು ಹೊರಗೆ ಚೆಲ್ಲಿ, ಒಣಗಿಸಿ, ಕೈಯಲ್ಲಿ ಟಾರ್ಚ್ ಹಿಡಿದು ಇಂಚಿಂಚು ನೋಡಿದೆ. ತಪ್ಪು ಜಾಲಿಯ ಕೆಳಗಿನ ಪೈಪ್ ಗಾರೆಯನ್ನು ಸೇರುವ ಕಡೆ ಇತ್ತು. ಬಟ್ಟೆಯ ಪಟ್ಟಿ ಅಲ್ಲಿ ಒಂದು ಕಡೆ ಮಡಚಿಕೊಂಡು, ಅದರ ಕೆಳಗೆ ಗಾಳಿ ಉಳಿದಿತ್ತು. ನುಣುಪಾದ ಪ್ಲಾಸ್ಟಿಕ್ ಪೈಪಿನ ಮೇಲೆ ದ್ರವ ಹಿಡಿದೂ ಇರಲಿಲ್ಲ. ಆ ಭಾಗ ಕತ್ತರಿಸಿ ತೆಗೆದೆ. ಪೈಪನ್ನು ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡಿದೆ. ಹೊಸ ಪಟ್ಟಿ, ಮತ್ತೆರಡು ಸಲ ಬಳಿದಿದ್ದು, ಮತ್ತೆರಡು ದಿನದ ಕಾಯುವಿಕೆ, ಮತ್ತೆ 24 ಗಂಟೆ ನೀರು. ಈ ಸಲ ಬಕೆಟ್‌ನಲ್ಲೂ ನೆಲದಲ್ಲೂ ಇಳಿದದ್ದು ಒಂದೇ ಸಮ.

ಯಾರಾದರೂ ನನ್ನನ್ನು ಯಾವ ಹಂತವನ್ನು ಬಿಡಬಹುದು ಅಂತ ಕೇಳಿದರೆ ಇದೊಂದನ್ನು ಮಾತ್ರ ಬಿಡಬೇಡಿ ಅನ್ನುತ್ತೇನೆ. ಬೇರೆ ತಪ್ಪುಗಳು ಕಣ್ಣಿಗೆ ಕಾಣುತ್ತವೆ. ಇದು ಟೈಲ್ಸ್ ಮೇಲೆ ಬಂದ ನಂತರ ಕಾಣುವುದೇ ಇಲ್ಲ.

ಕಾಗದದ ಮೇಲೆ ಗೋಡೆ

ಗೋಡೆಗೆ 300×600 ಮಿ.ಮೀ. ಟೈಲ್ಸ್, ಉದ್ದ ಭಾಗ ಅಡ್ಡಕ್ಕೆ ಬರುವಂತೆ. ನೆಲಕ್ಕೆ ಜಾರದ, ಸ್ವಲ್ಪ ಒರಟು ಮೈಯ 300×300. ನೆಲಕ್ಕೆ ದೊಡ್ಡ ಟೈಲ್ಸ್ ಬೇಡ ಅಂದುಕೊಂಡಿದ್ದಕ್ಕೆ ಎರಡು ಕಾರಣ. ಸಂದುಗಳು ಜಾಸ್ತಿ ಇದ್ದರೆ ಕಾಲಿಗೆ ಹಿಡಿತ ಸಿಗುತ್ತದೆ. ವಾಟದ ಮುರಿತವನ್ನೂ ಸಣ್ಣ ಟೈಲ್ಸ್ ಸುಲಭವಾಗಿ ಅನುಸರಿಸುತ್ತವೆ. ಲೆಕ್ಕಕ್ಕಿಂತ ಶೇ. 10ರಷ್ಟು ಹೆಚ್ಚಿಗೆ ತಂದೆ. ಎಲ್ಲ ಪೆಟ್ಟಿಗೆಗಳ ಮೇಲೂ ಬ್ಯಾಚ್ ಸಂಖ್ಯೆ, ಶೇಡ್ ಸಂಖ್ಯೆ ಒಂದೇ ಇದೆಯಾ ಅಂತ ನೋಡಿಯೇ ತಂದೆ. ಒಂದೇ ಹೆಸರಿನ ಟೈಲ್ಸ್ ಆದರೂ ಬೇರೆ ಬೇರೆ ಸಲ ಸುಟ್ಟಾಗ ಬಣ್ಣ ಸ್ವಲ್ಪ ಬೇರೆ ಬರುತ್ತದೆ.

ಉದ್ದದ ಗೋಡೆಯನ್ನು, ಪಕ್ಕದ ಗೋಡೆಗಳ ಟೈಲ್ಸ್ ದಪ್ಪ ಕಳೆದು, ಅಳೆದಾಗ 2430 ಮಿ.ಮೀ. ಬಂತು. ಮೂಲೆಯಿಂದ ಶುರು ಮಾಡಿದ್ದರೆ ನಾಲ್ಕು ಇಡೀ ಟೈಲ್ಸ್, ನಾಲ್ಕು ಸಂದು ಕಳೆದು ಕೊನೆಯಲ್ಲಿ 22 ಮಿ.ಮೀ. ಚೂರು ಉಳಿಯುತ್ತಿತ್ತು. ಬೆರಳಗಲದ ಅಂಥ ಚೂರು ನೋಡಲೂ ಚೆನ್ನಾಗಿರುವುದಿಲ್ಲ, ಕತ್ತರಿಸುವಾಗ ಮುರಿಯುತ್ತದೆ ಕೂಡ. ಹಾಗಾಗಿ ನಡುವೆ ಮೂರು ಇಡೀ ಟೈಲ್ಸ್ ಇಟ್ಟು, ಉಳಿದದ್ದನ್ನು ಎರಡೂ ತುದಿಗೆ ಹಂಚಿದೆ. ಎರಡೂ ಕಡೆ 311 ಮಿ.ಮೀ. ಬಂತು, ಅರ್ಧ ಟೈಲ್‌ಗಿಂತ ಸ್ವಲ್ಪ ಜಾಸ್ತಿ. ಹತ್ತು ನಿಮಿಷದ ಲೆಕ್ಕ ಇದು. ಗೋಡೆಯ ಅಂದವೇ ಬದಲಾಗಿಬಿಡುತ್ತದೆ.

ಇಟ್ಟಿಗೆ ಕಟ್ಟಿದ ಹಾಗೆ ಅರ್ಧರ್ಧ ಸರಿಸಿ ಹಾಕುವ ಆಸೆ ಮನೆಯವರಿಗಿತ್ತು. ಬೇಡ ಅಂದೆ. ಉದ್ದನೆಯ ಟೈಲ್ಸ್ ಕುಲುಮೆಯಿಂದ ಬರುವಾಗ ನಡುವೆ ಕೂದಲೆಳೆಯಷ್ಟು ಉಬ್ಬಿರುತ್ತವೆ. ಎರಡು ಟೈಲ್ಸ್ ಮುಖಾಮುಖಿ ಇಟ್ಟು ನೋಡಿದರೆ ಅಲ್ಲಾಡುವುದು ಗೊತ್ತಾಗುತ್ತದೆ. ಅರ್ಧ ಸರಿಸಿದರೆ ಒಂದರ ಉಬ್ಬಿದ ನಡು ಇನ್ನೊಂದರ ತಗ್ಗಿದ ತುದಿಯ ಪಕ್ಕ ಬರುತ್ತದೆ, ಅಂಚು ಕೈಗೆ ತಾಗುತ್ತದೆ. ಉದ್ದದ ಟೈಲ್ಸ್‌ಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸರಿಸಬಾರದು ಅನ್ನುವುದು ಇದಕ್ಕೇ. ನಾನು ಸಂದಿಗೆ ಸಂದು ನೇರ ಬರುವ ಹಾಗೆ ಹಾಕಿದೆ.

ಗೋಡೆ

ಕೆಳಗಿನ ಸಾಲಿನಿಂದ ಶುರು ಮಾಡಲಿಲ್ಲ. ನೆಲ ವಾಟದಲ್ಲಿದೆ, ಅದರ ಮೇಲೆ ನಿಲ್ಲಿಸಿದರೆ ಇಡೀ ಗೋಡೆ ವಾಲುತ್ತದೆ. ಎರಡನೇ ಸಾಲಿನ ಬುಡಕ್ಕೆ ಸುತ್ತಲೂ ಮಟ್ಟವಾಗಿ ಗೆರೆ ಹಾಕಿ, ಅಲ್ಲಿಗೆ ನೇರವಾದ ಮರದ ಪಟ್ಟಿಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದೆ. ವಾಟರ್‌ಪ್ರೂಫ್ ಪದರಕ್ಕೆ ಮೊಳೆ ಹೊಡೆಯುವ ಹಾಗಿಲ್ಲವಲ್ಲ, ಅದಕ್ಕೇ ನೆಲದಿಂದ ಊರೆ ಕೊಟ್ಟು ನಿಲ್ಲಿಸಿದ್ದು. ಗೆರೆಯ ಎತ್ತರವನ್ನು ಜಾಲಿಯ ಮೂಲೆಯಲ್ಲಿ ಕೆಳಗಿನ ಸಾಲು 295 ಮಿ.ಮೀ. ಬರುವಂತೆ ಆರಿಸಿದೆ. ಆಗ ಬಾಗಿಲ ಮೂಲೆಯಲ್ಲಿ 247 ಬರುತ್ತದೆ. ಎಲ್ಲೂ ಸಣ್ಣ ಚೂರು ಬೇಡ.

ಎರಡು ಮೀಟರ್ ಮಟ್ಟಗೋಲು ಇಟ್ಟು ಗೋಡೆಯ ಸಪಾಟು ನೋಡಿದಾಗ ಒಂದು ಕಡೆ 6 ಮಿ.ಮೀ. ತಗ್ಗು ಸಿಕ್ಕಿತು. ದೊಡ್ಡ ಟೈಲ್ಸ್‌ಗೆ 3 ಮೀಟರ್ ಉದ್ದಕ್ಕೆ 3 ಮಿ.ಮೀ.ಗಿಂತ ಹೆಚ್ಚು ಏರುಪೇರು ಇರಬಾರದು. ಅದನ್ನು ದಪ್ಪ ಅಂಟು ಹಾಕಿ ಮುಚ್ಚಬಹುದು ಅನ್ನಿಸಿತು. ಆದರೆ ಅಂಟು ದಪ್ಪವಾದಷ್ಟೂ ಒಣಗುವಾಗ ಹೆಚ್ಚು ಕುಗ್ಗಿ ಟೈಲ್ ಅನ್ನು ಒಳಗೆಳೆಯುತ್ತದೆ. ಒಂದು ದಿನ ನಿಂತು, ಆ ತಗ್ಗನ್ನು ಮೊದಲು ತುಂಬಿ ಸರಿಮಾಡಿದೆ.

ಅಂಟಿನ ಚೀಲದ ಮೇಲೆ ‘ಸಿ2ಟಿಇ’ ಅಂತ ಬರೆದಿರುವುದನ್ನು ಆರಿಸಿದೆ. ಇದು ಗುಟ್ಟಿನ ಭಾಷೆ ಏನಲ್ಲ. ‘ಸಿ’ ಅಂದರೆ ಸಿಮೆಂಟ್ ಮೂಲದ್ದು. ‘2’ ಅಂದರೆ ಸಾಮಾನ್ಯ ದರ್ಜೆಗಿಂತ ಎರಡರಷ್ಟು ಹಿಡಿತ: ಒಂದನೇ ದರ್ಜೆಗೆ ಚದರ ಮಿ.ಮೀ.ಗೆ 0.5 ನ್ಯೂಟನ್ ಸಾಕು, ಎರಡನೆಯದಕ್ಕೆ 1 ನ್ಯೂಟನ್ ಬೇಕು. ‘ಟಿ’ ಅಂದರೆ ಗೋಡೆಯಲ್ಲಿ ಕೆಳಗೆ ಜಾರುವುದಿಲ್ಲ. ‘ಇ’ ಅಂದರೆ ಹರಡಿದ ಮೇಲೆ ಹೆಚ್ಚು ಹೊತ್ತು ಕಾಯುತ್ತದೆ. ಸಾಮಾನ್ಯದ್ದು 20 ನಿಮಿಷ, ಇದು 30. ಹೊಸದಾಗಿ ಕೈ ಹಾಕುವವರಿಗೆ ಆ ಹತ್ತು ನಿಮಿಷ ದೊಡ್ಡ ಉಪಕಾರ.

ಬಕೆಟ್‌ಗೆ ಮೊದಲು ನೀರು, ಆಮೇಲೆ ಪುಡಿ. ಕಡಿಮೆ ವೇಗದಲ್ಲಿ ಕಲೆಸಿ, 5 ನಿಮಿಷ ಬಿಟ್ಟು, ಮತ್ತೆ ಕಲೆಸಬೇಕು. ಪುಡಿಯೊಳಗಿನ ಪಾಲಿಮರ್ ಕರಗಲು ಆ ಐದು ನಿಮಿಷ ಬೇಕು. ಗಟ್ಟಿಯಾಗುತ್ತಾ ಬಂದಾಗ ನೀರು ಹಾಕಿ ಸಡಿಲ ಮಾಡಬಾರದು, ಹಿಡಿತ ಹೋಗುತ್ತದೆ. ಹಾಗಾಗಿ ಒಂದು ಸಲಕ್ಕೆ 5 ಕಿಲೋ ಪುಡಿ ಮಾತ್ರ ಕಲೆಸಿದೆ.

10 ಮಿ.ಮೀ. ಹಲ್ಲಿನ ಕರಣೆ ಹಿಡಿದು ಶುರು ಮಾಡಿದೆ. ಅಂಟು ಹರಡಿ, ಹಲ್ಲಿನಿಂದ ಉಬ್ಬುಗೆರೆ ಎಳೆದು, ಟೈಲ್ ಒತ್ತಿ, ಸಂದು ಸಮನಾಗಿರಲು ನಡುವೆ ಇಡುವ ಸ್ಪೇಸರ್ ಇಟ್ಟೆ. ಎರಡು ಕೂತವು. ಮೂರನೆಯದನ್ನು ಕೂರಿಸಿದ ಮೇಲೆ, ಬೇಕೆಂದೇ ಮತ್ತೆ ಕಿತ್ತೆ. ಹಿಂಬದಿ ನೋಡಬೇಕಿತ್ತು. ಅಂಟು ಹಿಡಿದದ್ದು ಸುಮಾರು ಮುಕ್ಕಾಲು ಭಾಗ. ನಡುನಡುವೆ ಖಾಲಿ ಗೆರೆಗಳು. ಒಣ ಜಾಗಕ್ಕೆ ಶೇ. 80 ಹಿಡಿದರೆ ಸಾಕು ಅನ್ನುತ್ತಾರೆ, ನೀರು ಬೀಳುವ ಜಾಗಕ್ಕೆ ಶೇ. 95 ಬೇಕು. ಮೊದಲ ಎರಡನ್ನೂ ಕಿತ್ತೆ.

ಮೂರು ವಿಷಯ ಸರಿಮಾಡಿಕೊಂಡೆ. ನಾನು ಕರಣೆಯನ್ನು ಗೋಡೆಗೆ ತೀರಾ ಮಲಗಿಸಿ ಹಿಡಿಯುತ್ತಿದ್ದೆ, ಗೆರೆಗಳು ಗಿಡ್ಡವಾಗುತ್ತಿದ್ದವು. 60 ಡಿಗ್ರಿಯಷ್ಟು ಎತ್ತಿ ಹಿಡಿದೆ. ಗೆರೆಗಳನ್ನು ಬಳ್ಳಿಯ ಹಾಗೆ ಸುತ್ತಿಸಿ ಎಳೆಯುತ್ತಿದ್ದೆ, ಆ ಸುತ್ತಿನೊಳಗೆ ಗಾಳಿ ಸಿಕ್ಕಿಕೊಳ್ಳುತ್ತಿತ್ತು. ಈಗ ಎಲ್ಲ ಗೆರೆ ಒಂದೇ ದಿಕ್ಕಿಗೆ, ಟೈಲ್‌ನ ಗಿಡ್ಡ ಬದಿಗೆ ಸಮಾನಾಂತರ. ಗಾಳಿಗೆ ಹೊರಹೋಗಲು ಹತ್ತಿರದ ದಾರಿ ಸಿಕ್ಕಿತು. ಕೊನೆಯದಾಗಿ, ಪ್ರತಿ ಟೈಲ್‌ನ ಬೆನ್ನಿಗೂ ಕರಣೆಯ ನೇರ ಅಂಚಿನಿಂದ ತೆಳುವಾಗಿ ಅಂಟು ಸವರಿದೆ. ಬಿಳಿ ಪುಡಿ ಹಿಡಿದಿದ್ದ ಬೆನ್ನುಗಳನ್ನು ಒದ್ದೆ ಬಟ್ಟೆಯಲ್ಲಿ ಮೊದಲೇ ಒರೆಸಿದ್ದೆ. ಟೈಲ್ ಇಟ್ಟ ಮೇಲೆ ಗೆರೆಗಳಿಗೆ ಅಡ್ಡಲಾಗಿ ಸ್ವಲ್ಪ ಆಚೀಚೆ ಜಗ್ಗಿ ಒತ್ತಿದರೆ ಗೆರೆಗಳು ಕುಸಿದು ಒಂದಕ್ಕೊಂದು ಸೇರಿಕೊಳ್ಳುತ್ತವೆ.

ಮತ್ತೆ ಒಂದನ್ನು ಕಿತ್ತು ನೋಡಿದೆ. ಇಡೀ ಬೆನ್ನು ಬೂದು ಬಣ್ಣ. ಒಂದು ಮೂಲೆಯಲ್ಲಿ ಮಾತ್ರ ಬೆರಳ ತುದಿಯಷ್ಟು ಜಾಗ ಬಿಟ್ಟಿತ್ತು. ಆಮೇಲೆ ಪ್ರತಿ ಹತ್ತಕ್ಕೊಂದನ್ನು ಕಿತ್ತು ನೋಡುವುದನ್ನು ರೂಢಿ ಮಾಡಿಕೊಂಡೆ.

ಎರಡನೇ ದಿನ ಸಂಜೆ ಕಿಟಕಿ ತೆರೆದಿತ್ತು, ಗಾಳಿ ಜೋರಾಗಿತ್ತು. ನಾಲ್ಕು ಟೈಲ್ಸ್‌ಗೆ ಆಗುವಷ್ಟು ಅಂಟು ಒಟ್ಟಿಗೆ ಹರಡಿಬಿಟ್ಟಿದ್ದೆ. ತಮ್ಮ ಬೆರಳಿಟ್ಟು ನೋಡಿ, “ಅಣ್ಣ, ಇದು ಕೈಗೆ ಅಂಟ್ತಾ ಇಲ್ಲ ನೋಡು” ಅಂದ. ಮೇಲೆ ತೆಳುವಾದ ಕೆನೆ ಕಟ್ಟಿತ್ತು. ನೋಡಲು ಒದ್ದೆಯಾಗೇ ಕಾಣುತ್ತದೆ, ಆದರೆ ಟೈಲ್ ಅನ್ನು ಹಿಡಿಯುವುದಿಲ್ಲ. ಚೀಲದ ಮೇಲಿನ 30 ನಿಮಿಷ ಪ್ರಯೋಗಾಲಯದ ಲೆಕ್ಕ. ಗಾಳಿ ಬೀಸುವ ಕೋಣೆಯಲ್ಲಿ ಅದು ಅರ್ಧಕ್ಕಿಳಿಯಬಹುದು. ಹರಡಿದ್ದನ್ನೆಲ್ಲ ಕೆರೆದು ಎಸೆದು, ಕಿಟಕಿ ಮುಚ್ಚಿ, ಅಲ್ಲಿಂದ ಮುಂದೆ ಎರಡೆರಡು ಟೈಲ್ಸ್‌ಗಷ್ಟೇ ಹರಡಿದೆ. ತಮ್ಮನ ಬೆರಳು ಆ ಸಂಜೆ ಒಂದಿಡೀ ಸಾಲನ್ನು ಉಳಿಸಿತು.

ನಲ್ಲಿಯ ಪೈಪುಗಳಿಗೆ ತೂತು ಕೊರೆಯಲು 35 ಮಿ.ಮೀ. ಡೈಮಂಡ್ ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಬಳಸಿದೆ. ಅದನ್ನು ನೇರವಾಗಿ ಇಟ್ಟರೆ ಜಾರಿ ಓಡುತ್ತದೆ. ಓರೆಯಾಗಿ ಹಿಡಿದು ಮೊದಲು ಅರ್ಧಚಂದ್ರದಷ್ಟು ಗಾಯ ಮಾಡಿ, ನಿಧಾನಕ್ಕೆ ನೇರ ಮಾಡಬೇಕು. ಮೇಲೆ ನೀರು ಹನಿಸುತ್ತಾ ಇರಬೇಕು. ಸ್ವಿಚ್ ಬಾಕ್ಸ್ ಹತ್ತಿರ ‘ಎಲ್’ ಆಕಾರದ ಕತ್ತರಿಕೆ ಬೇಕಿತ್ತು. ಮೊದಲನೆಯದು ಒಳಮೂಲೆಯಲ್ಲೇ ಸೀಳಿತು. ಎರಡನೆಯದಕ್ಕೆ ಮೊದಲು ಆ ಮೂಲೆಯಲ್ಲಿ ಸಣ್ಣ ತೂತು ಕೊರೆದು, ಆಮೇಲೆ ಎರಡೂ ಕಡೆಯಿಂದ ತೂತಿನ ತನಕ ಕತ್ತರಿಸಿದೆ. ಚೂಪಾದ ಮೂಲೆಯಿಂದ ಬಿರುಕು ಶುರುವಾಗುತ್ತದೆ, ದುಂಡನೆಯ ತೂತಿನಿಂದ ಅಷ್ಟು ಸುಲಭಕ್ಕೆ ಆಗುವುದಿಲ್ಲ.

ಒಟ್ಟು ಏಳು ಸಾಲು. ಕೆಳಗಿನದನ್ನು ಬಿಟ್ಟು ಆರು ಸಾಲಿಗೆ ನಾಲ್ಕು ದಿನ ಹಿಡಿಯಿತು.

ನೆಲ

ಜಾಲಿಯ ಮೂಲೆಯಿಂದ ಬಾಗಿಲಿನ ಕಡೆಗೆ ಬಂದೆ. ಮೊದಲು ಅಂಟಿಲ್ಲದೆ ಎಲ್ಲ ಟೈಲ್ಸ್ ಹಾಸಿ ನೋಡಿ, ಬೆನ್ನಿಗೆ ಪೆನ್ಸಿಲ್‌ನಲ್ಲಿ ಸಂಖ್ಯೆ ಬರೆದುಕೊಂಡೆ. ಜಾಲಿಯ ಚೌಕಟ್ಟು ಟೈಲ್ ಮೇಲ್ಮೈಗಿಂತ 1 ಮಿ.ಮೀ. ಕೆಳಗೆ ಬರುವಂತೆ ಕೂರಿಸಿದೆ. ಜಾಲಿ ಮೇಲೆದ್ದಿದ್ದರೆ ಅಷ್ಟೂ ವಾಟ ವ್ಯರ್ಥ, ಅದರ ಸುತ್ತ ನೀರು ಉಂಗುರದ ಹಾಗೆ ನಿಂತುಬಿಡುತ್ತದೆ.

ವಾಟ ಕೆಳಗೇ ಸರಿಯಾಗಿ ಇದ್ದುದರಿಂದ ಇಲ್ಲಿ ಹೆಚ್ಚು ಹೇಳುವಂಥದ್ದು ನಡೆಯಲಿಲ್ಲ. ಅಂಟು ಒಂದೇ ದಪ್ಪ. ಟೈಲ್ ಇಟ್ಟು, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ತುಂಡು ಕಟ್ಟಿದ ರಸಮಟ್ಟ ಇಟ್ಟು ನೋಡುವುದು. ಗೋಡೆಯ ಬುಡದಲ್ಲಿ ಸುತ್ತಲೂ 5 ಮಿ.ಮೀ. ಬಿಟ್ಟೆ. ಬಿಸಿನೀರು ಬಿದ್ದಾಗ ನೆಲ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಒಂದೇ ದಿನದಲ್ಲಿ ಮುಗಿಯಿತು. 24 ಗಂಟೆ ಬಾಗಿಲಿಗೆ ಹಗ್ಗ ಕಟ್ಟಿ ಯಾರನ್ನೂ ಒಳಗೆ ಬಿಡಲಿಲ್ಲ.

ಗೋಡೆಯ ಕೆಳಗಿನ ಸಾಲು ಕೊನೆಗೆ. ಮರದ ಪಟ್ಟಿ ತೆಗೆದು, ಪ್ರತಿ ಟೈಲ್‌ಗೂ ಎಡಬದಿ, ಬಲಬದಿ ಬೇರೆ ಬೇರೆ ಅಳತೆ ತೆಗೆದು ಓರೆಯಾಗಿ ಕತ್ತರಿಸಿದೆ. ಒಂದಕ್ಕಿದ್ದ ಅಳತೆ ಇನ್ನೊಂದಕ್ಕಿಲ್ಲ. ಗೋಡೆಯ ಟೈಲ್ಸ್ ನೆಲದ ಟೈಲ್ಸ್ ಮೇಲೆ ಬಂದು ನಿಲ್ಲುವುದರಿಂದ ಗೋಡೆಯಿಂದ ಇಳಿದ ನೀರು ಸಂದಿಗೆ ನುಗ್ಗದೆ ನೆಲದ ಮೇಲೇ ಹರಿಯುತ್ತದೆ.

ಸಂದು

ಗೋಡೆಗೆ ಸಿಮೆಂಟ್ ಗ್ರೌಟ್, ನೆಲಕ್ಕೆ ಎಪಾಕ್ಸಿ ಅನ್ನುವ ರಾಳದ ಗ್ರೌಟ್. ಎಪಾಕ್ಸಿ ಕಲೆ ಹಿಡಿಯುವುದಿಲ್ಲ, ನೀರು ಹೀರುವುದಿಲ್ಲ. ಆದರೆ ಕಲೆಸಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಸ್ವಲ್ಪ ಸ್ವಲ್ಪವೇ ಕಲೆಸಿ, ರಬ್ಬರ್ ಹಲಗೆಯನ್ನು ಸಂದಿಗೆ ಓರೆಯಾಗಿ ಎಳೆದು ತುಂಬಿ, ಕೂಡಲೇ ಒದ್ದೆ ಸ್ಪಾಂಜಿನಿಂದ ಒರೆಸಿದೆ. ಒಂದು ಟೈಲ್ ಮೇಲೆ ತೆಳು ಪೊರೆ ಉಳಿದುಹೋಗಿತ್ತು. ಮರುದಿನ ಅದನ್ನು ತೆಗೆಯಲು ಪಟ್ಟ ಪಾಡು ಇಡೀ ನೆಲ ತುಂಬುವುದಕ್ಕಿಂತ ಹೆಚ್ಚು.

ಗೋಡೆ-ನೆಲ ಸೇರುವ ಸಂದಿಗೆ, ಗೋಡೆ-ಗೋಡೆ ಸೇರುವ ಮೂಲೆಗೆ ಗ್ರೌಟ್ ಹಾಕಲಿಲ್ಲ, ಸಿಲಿಕೋನ್ ಹಾಕಿದೆ. ಅಲ್ಲಿ ಎರಡು ಮೈಗಳು ಬೇರೆ ಬೇರೆಯಾಗಿ ಅಲುಗಾಡುತ್ತವೆ. ಗಟ್ಟಿ ಗ್ರೌಟ್ ಕೆಲವೇ ತಿಂಗಳಲ್ಲಿ ಸೀಳುತ್ತದೆ. ನಾನು ಕಿತ್ತ ಹಳೇ ಬಾತ್‌ರೂಮಿನ ಎಲ್ಲ ಮೂಲೆಗಳಲ್ಲೂ ಅಂಥ ಸೀಳು ಇತ್ತು. ಎರಡೂ ಬದಿಗೆ ಟೇಪ್ ಅಂಟಿಸಿ, ಸಿಲಿಕೋನ್ ಹಾಕಿ, ಬೆರಳಲ್ಲಿ ಒಂದೇ ಸಲ ಎಳೆದು, ಒಣಗುವ ಮುಂಚೆ ಟೇಪ್ ತೆಗೆದೆ.

ನೀರು ಬಿಟ್ಟ ದಿನ

ಎಪಾಕ್ಸಿ, ಸಿಲಿಕೋನ್ ಎರಡೂ ಗಟ್ಟಿಯಾಗಲಿ ಅಂತ ಒಂದು ವಾರ ಬಿಟ್ಟೆ. ಆಮೇಲೆ ಬಾಗಿಲ ಬಳಿ ನಿಂತು ಒಂದು ಬಕೆಟ್ ನೀರು ನಿಧಾನಕ್ಕೆ ಸುರಿದೆ. ಮೊದಲು ಹರಡಿತು. ಆಮೇಲೆ ಒಟ್ಟಾಗಿ ಮೂಲೆಯ ಕಡೆ ತಿರುಗಿತು. ಸ್ನಾನದ ಜಾಗದ ಗೆರೆ ದಾಟಿದ ಕೂಡಲೇ ಅದರ ವೇಗ ಹೆಚ್ಚಿದ್ದು ಕಣ್ಣಿಗೇ ಕಂಡಿತು. ತಮ್ಮನನ್ನು ಕರೆದು ಇನ್ನೊಂದು ಬಕೆಟ್ ಸುರಿದು ತೋರಿಸಿದೆ. ಒಂದೇ ಒಂದು ಕಡೆ, ಕಮೋಡಿನ ಪಕ್ಕದ ಸಂದಿಯಲ್ಲಿ, ನಾಣ್ಯದಷ್ಟು ನೀರು ನಿಂತಿತು. ಅಲ್ಲಿ ಗ್ರೌಟ್ ಸ್ವಲ್ಪ ತಗ್ಗಾಗಿದೆ. ಅದು ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.

ಸಂಜೆ ಅದೇ ನಾಣ್ಯ ತೆಗೆದುಕೊಂಡು ಗೋಡೆಯ ಪ್ರತಿ ಟೈಲ್ ಬಡಿದೆ. ನಾಲ್ಕು ಮೂಲೆ, ಒಂದು ನಡು. ಟಕ್, ಟಕ್, ಟಕ್. ಕಿಟಕಿಯ ಪಕ್ಕ, ಮೇಲಿನಿಂದ ಎರಡನೇ ಸಾಲಿನ ಒಂದು ಟೈಲ್‌ನ ಎಡಮೂಲೆ ಮಾತ್ರ ಸ್ವಲ್ಪ ಬೇರೆ ಸದ್ದು ಮಾಡಿತು. ಗಾಳಿ ಜೋರಾಗಿದ್ದ ಆ ಸಂಜೆಯ ಸಾಲು ಅದು. ನೀರು ಬೀಳದ ಜಾಗ, ಉಳಿದ ಮೂರು ಮೂಲೆಯೂ ನಡುವೂ ಗಟ್ಟಿ ಇವೆ. ಆದರೂ ಅದರ ಜಾಗವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಉಳಿದ ಐದು ಟೈಲ್ಸನ್ನು ಶೇಡ್ ಸಂಖ್ಯೆ ಬರೆದಿರುವ ಪೆಟ್ಟಿಗೆಯಲ್ಲೇ ಹಾಕಿ ಅಟ್ಟದ ಮೇಲೆ ಇಟ್ಟಿದ್ದೇನೆ. ಆರು ತಿಂಗಳಿಗೊಮ್ಮೆ ಆ ಮೂಲೆಯನ್ನು ಬಡಿದು ನೋಡುತ್ತೇನೆ.